ಬಾವಿಯ ಮೇಲೆ ನಿಂತ ಕಲ್ಲು

ಕಲ್ಯಾಣಿ ಊರಿನ ಸಂಗತರಾಶ ಗಲ್ಲಿಯ, ಅಂದರೆ ಕಲ್ಲುಕುಟಿಗರ ಓಣಿಯ, ಬಾವಿ ಮುಚ್ಚಿದಾಗಿನಿಂದ ಶಹಜಾದಿಯ ಸೊಂಟಕ್ಕೆ ಸುಖವಿರಲಿಲ್ಲ. ಮೊದಲು ಹೊಸ್ತಿಲು ದಾಟಿದರೆ ಬಾವಿ. ಈಗ ಕೋಟೆಯ ಮಗ್ಗುಲಿನ ನೀರಿನ ಹೌದಿನವರೆಗೆ ನಡೆಯಬೇಕು, ಅಲ್ಲಿ ಪಾಳಿ ಕಾಯಬೇಕು, ಕಾಯುವಾಗ ಹೆಂಗಸರ ಮಾತಿಗೆ ಕಿವಿ ಕೊಡಬೇಕು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಎಲ್ಲರೂ ಅಲ್ಲಿ ಸಿಗುತ್ತಿದ್ದರು, ಸಿಕ್ಕವರೆಲ್ಲ ಅದನ್ನೇ ಕೇಳುತ್ತಿದ್ದರು.

"ವಜೀರಂದು ಏನರ ಸುದ್ದಿ ಬಂತೇನ ತಂಗಿ?"

"ಇಲ್ರಿ."

ಹೇಳಿ ಹೇಳಿ ಆ ಶಬ್ದ ಅವಳ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ವಜೀರ್ ಅವಳ ಗಂಡ. ಹಿಂದಿನ ವರ್ಷ ಮಳೆಗಾಲದ ಕೊನೆಯಲ್ಲಿ, ಗಾಡಿ ತುಂಬ ಬೀಸುಕಲ್ಲು ಹೇರಿಕೊಂಡು ಹುಮನಾಬಾದಿನ ಸಂತೆಗೆ ಹೋದವನು ಮರಳಿ ಬರಲಿಲ್ಲ. ಅದೇ ವಾರ ಆ ರಸ್ತೆಯಲ್ಲಿ ಫೌಜು ಬಂತು, ನಿಜಾಮನ ರಾಜ್ಯ ಮುಗಿಯಿತು. ಅದಕ್ಕೂ ಮೊದಲು ರಜಾಕಾರರ ಹಾವಳಿಯಲ್ಲಿ ಹಿಂದೂಗಳ ಮನೆಗಳು ಉರಿದಿದ್ದವು. ಫೌಜು ಬಂದ ಮೇಲಿನ ಗದ್ದಲದಲ್ಲಿ ಮುಸಲ್ಮಾನರ ಗಂಡಸರ ಜೀವ ಹೋದವು. ಗಲ್ಲಿಯ ಬಾವಿಯಲ್ಲಿ ಏನು ಬಿತ್ತು, ಯಾರನ್ನು ಹಾಕಿದರು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಆ ನೀರು ಯಾರ ಗಂಟಲಲ್ಲೂ ಇಳಿಯಲಿಲ್ಲ, ಕೊನೆಗೆ ಎಲ್ಲರೂ ಕೂಡಿ ಅದರ ಬಾಯಿಗೆ ಚಪ್ಪಡಿ ಎಳೆದರು.

ಗದ್ದಲ ತಣ್ಣಗಾದ ಮೇಲೆ ಮಾವ ಅಜೀಮುದ್ದೀನ್ ಮಗನನ್ನು ಹುಡುಕಲು ಹುಮನಾಬಾದಿಗೆ ಹೋಗಿ ಬಂದಿದ್ದ. ಹೈದರಾಬಾದಿನ ಕಡೆ ಹೊರಟ ಗುಂಪಿನಲ್ಲಿ ಯಾರೋ ವಜೀರನನ್ನು ಕಂಡರಂತೆ ಎಂದು ಹೇಳಿದ. ಅಷ್ಟು ಮಾತು ಸಾಕಾಯಿತು. ಅತ್ತೆ ಕುಲ್ಸುಮ್ ಬೀ ಅದನ್ನೇ ಹಿಡಿದುಕೊಂಡು ಬದುಕಿದಳು. ಒಲೆಯ ಮುಂದೆ ಕೂತರೆ ಮೊದಲ ರೊಟ್ಟಿ ಮಗನದು. ಅದನ್ನು ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ತಳಕ್ಕಿಡುವಳು. ಮರುದಿನ ಅದು ಒಣಗಿ ಗಟ್ಟಿಯಾದ ಮೇಲೆ ಸೊಸೆ ಅದನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುವಳು. ಗಂಡನ ಪಾಲಿನ ತಂಗಳು ತಿಂದೇ ಶಹಜಾದಿಗೆ ಒಂದು ವರ್ಷ ಕಳೆಯಿತು. ಈದಿಗೆ ಅತ್ತೆ ಬಳೆಗಾರ್ತಿಯನ್ನು ಕರೆಸಿ ಅವಳ ಕೈತುಂಬ ಹಸಿರು ಬಳೆ ತೊಡಿಸಿದಳು. ಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಅವಳು ಸುಮಂಗಲಿಯೂ ಅಲ್ಲ, ವಿಧವೆಯೂ ಅಲ್ಲ. ಗಂಡನಿಗಾಗಿ ಅಳುವ ಹಾಗಿಲ್ಲ, ನಗುವ ಹಾಗೂ ಇಲ್ಲ. ಇಪ್ಪತ್ತೆರಡು ತುಂಬದ ಹುಡುಗಿಗೆ ಇದೆಂಥ ಶಿಕ್ಷೆ ಎಂದು ಕೇಳುವವಳು ಆ ಮನೆಯಲ್ಲಿ ಒಬ್ಬಳೇ ಇದ್ದಳು, ಅಜೀಮುದ್ದೀನನ ಅಕ್ಕ ಸರ್ದಾರಬಿ. ಅವಳ ಕಣ್ಣು ಮಂಜಾಗಿದ್ದವು, ನಾಲಿಗೆ ಮಾತ್ರ ಹೊಸದಾಗಿ ಸಾಣೆ ಹಿಡಿದ ಉಳಿಯ ಹಾಗಿತ್ತು.

*

ಎದುರು ಮನೆಯ ಗಾಣದ ಅಂಬಾದಾಸ ಒಂದು ಬೆಳಗ್ಗೆ ಬಂದು ಕಟ್ಟೆಯ ಮೇಲೆ ಕೂತ. ರಜಾಕಾರರ ಹಾವಳಿಯಲ್ಲಿ ಅವನ ತಮ್ಮ ವೈಜಿನಾಥ ಸತ್ತಿದ್ದ. ಆಮೇಲಿನ ಗದ್ದಲದಲ್ಲಿ ಇದೇ ಅಂಬಾದಾಸ ಕೈಯಲ್ಲಿ ಗಾಣದ ಸನ್ನೆಗೋಲು ಹಿಡಿದು ಯಾರೂ ಒಳಗೆ ನುಗ್ಗದ ಹಾಗೆ ಅಜೀಮುದ್ದೀನನ ಬಾಗಿಲಲ್ಲಿ ಕಾವಲು ಕೂತಿದ್ದ. ಆ ಸಂಗತಿಯನ್ನು ಎರಡೂ ಮನೆಯವರು ಎತ್ತಿ ಆಡುತ್ತಿರಲಿಲ್ಲ.

"ಚಾಚಾ, ಆ ಚಪ್ಪಡಿ ಕಣ್ಣಿಗೆ ಬಿದ್ದಾಗೊಮ್ಮೆ ಎದಿ ಧಸಕ್ ಅಂತದ. ಅದರ ಮ್ಯಾಲ ಏನರ ನಿಲ್ಲಿಸಬೇಕು ನೋಡ್ರಿ."

"ಏನು ನಿಲ್ಲಸ್ತಿ? ದೇವರನ್ನ ಕೂಡಿಸಿದ್ರ ನಮ್ಮೋರು ಅಡ್ಡಹಾದು ಹೋಗ್ತಾರ. ಗುಮ್ಮಟ ಕಟ್ಟಿದ್ರ ನಿಮ್ಮೋರು."

"ಅದಕ್ಕ ನಿಮ್ಮ ಹಂತ್ಯಾಕ ಬಂದೀನಿ. ಓಣೀನೇ ನಿಲ್ಲಿಸ್ರಿ. ಕೋಟಿಗೆ ಕಲ್ಲು ಕಡ್ಯಾಕ ಬಂದ ನಿಮ್ಮ ಹಿರಿಯರಿಂದ ಹಿಡದು, ನಮ್ಮ ಗಾಣ, ಗಂಗುಬಾಯಿ ಮಗ್ಗ, ಬಳಿಗಾರರು, ನೀರು ಹೊರೋರು. ಈ ಬಾವಿ ನೀರು ಕುಡದವರು ಎಲ್ಲಾರೂ ಒಂದು ಕಂಬದ ಮ್ಯಾಲ ಬರಲಿ."

"ನಾ ಮಾರಿ ಕೆತ್ತಂಗಿಲ್ಲ, ಅಂಬಾದಾಸ. ನಮ್ಮಲ್ಲಿ ಅದು ಸಲ್ಲದು."

"ಮಾರಿ ಇಲ್ದ ಮಂದೀನ ಹ್ಯಾಂಗ ಕೆತ್ತತೀರಿ?"

"ಕೈ ಕೆತ್ತತೀನಿ."

ಪಕ್ಕದ ಮನೆಯ ಒಳಗಿಂದ ಮಗ್ಗದ ಸದ್ದು ನಿಂತಿತು. ಗಂಗುಬಾಯಿ ಕಿಟಕಿಯಲ್ಲಿ ಮುಖ ಹಾಕಿ, "ಕೈ ನೋಡಿ ಯಾರದು ಅಂತ ಗೊತ್ತಾಗದಿದ್ರ ಅದೆಂಥಾ ಓಣಿ ಬಿಡ್ರಿ," ಎಂದಳು. ಮಗ್ಗದ ಸದ್ದು ಮತ್ತೆ ಶುರುವಾಯಿತು.

ಕುಲ್ಸುಮ್ ಬೀಗೆ ಇದು ಸೇರಲಿಲ್ಲ. ಊಟಕ್ಕೆ ಕೂತ ಗಂಡನ ತಾಟಿಗೆ ಬೇಳೆ ಸುರಿಯುತ್ತ ಕೇಳಿದಳು, "ಪುಕ್ಕಟೆ ಕಲ್ಲು ಕುಟ್ಟಿ ಹೊಟ್ಟಿಗೆ ಏನು ಹಾಕೋತಿ? ಧೂಳಾ?"

"ಮನಿಗೊಂದಿಷ್ಟು ಜ್ವಾಳಾ ಕೊಡ್ತಾರಂತ. ಎಣ್ಣಿ ಅಂಬಾದಾಸಂದು."

"ಜ್ವಾಳಾ ಬರೂತನ ನಿನ್ನ ಉಸಿರು ಇರಬೇಕಲ್ಲ. ಕೆಮ್ಮು ನೋಡೀಯೇನು ನಿಂದು? ವಜೀರ್ ಬರಲಿ, ಅವನೇ ಮಾಡ್ತಾನ ಅಂತ ಹೇಳು."

ಅಜೀಮುದ್ದೀನ್ ತುತ್ತು ಮುರಿದವನು ಹಾಗೇ ಹಿಡಿದುಕೊಂಡು ಕೂತ. "ಅವ ಬರೂದು ತಡ ಆಗ್ತದ," ಎಂದಷ್ಟೇ ಹೇಳಿದ.

ಅಮಾವಾಸ್ಯೆಯಾದ ಮೇಲೆ ಕರಿಕಲ್ಲು ಬಂತು. ಆರು ಜೋಡಿ ಎತ್ತು ಎಳೆದು ತಂದು ಬಾಗಿಲ ಮುಂದೆ ಕೆಡವಿದವು. ಮನೆಯ ದಿನಚರಿಯೇ ಬದಲಾಯಿತು. ಶಹಜಾದಿಗೆ ಈಗ ಇನ್ನೆರಡು ಕೊಡ ನೀರು ಹೆಚ್ಚು, ಏಕೆಂದರೆ ಉಳಿ ಬಿದ್ದಲ್ಲೆಲ್ಲ ನೀರು ಚಿಮುಕಿಸದಿದ್ದರೆ ಧೂಳು ಮುದುಕನ ಎದೆಗಿಳಿಯುತ್ತದೆ. ಸರ್ದಾರಬಿ ರೊಟ್ಟಿಗೆ ಹಿಟ್ಟು ನಾದುವಳು, ಕುಲ್ಸುಮ್ ಬೀ ಬಡಿಯುವಳು, ನಡುನಡುವೆ ಇಬ್ಬರೂ ಕಾದಾಡುವರು. ಎಲ್ಲ ಮನೆಯ ಜೋಳ ಬರತೊಡಗಿದ್ದರಿಂದ ಮನೆಯಲ್ಲಿ ಹೊಟ್ಟೆತುಂಬ ಉಣ್ಣುವ ದಿನಗಳು ಬಂದವು. ಉಣ್ಣುವವರ ಮುಖದಲ್ಲಿ ಮಾತ್ರ ಗೆಲುವು ಇರಲಿಲ್ಲ.

ಕಂಬದ ಬುಡದಲ್ಲಿ ಕೋಟೆಯ ಕಲ್ಲು ಹೊತ್ತ ಕೈಗಳು ಮೂಡಿದವು. ಅದರ ಮೇಲೆ ಗಾಣದ ನೊಗ ಹಿಡಿದ ಕೈ, ಲಾಳಿ ಎಸೆಯುವ ಕೈ, ಬಳೆ ತೊಡಿಸುವ ಎರಡು ಕೈ. ಎಲ್ಲಕ್ಕಿಂತ ಮೇಲಿನ ಸಾಲನ್ನು ಹೋದವರಿಗೆಂದು ಬಿಟ್ಟಿದ್ದರು, ತಲೆಗೊಂದು ಚೌಕ. ಹಿಂದೂಗಳ ಮನೆಯವರಿಗೆ ಒಂದೊಂದು ದೀಪದ ಪಣತಿ. ಮುಸಲ್ಮಾನರಿಗೆ ಗೋರಿಯ ಗುರುತು, ಕಲಮ್‌ದಾನ.

ಗೋರಿಯ ಕೆಲಸ ಈ ಮನೆಯವರಿಗೆ ತಲೆತಲಾಂತರದ್ದು. ಗಂಡಸಿನ ಗೋರಿಯಾದರೆ ಮೇಲೆ ಉದ್ದಕ್ಕೆ ಒಂದು ದಿಂಡು ಉಬ್ಬಿಸಬೇಕು, ಲೇಖನಿಯ ಪೆಟ್ಟಿಗೆಯ ಆಕಾರದಲ್ಲಿ. ಅದೇ ಕಲಮ್‌ದಾನ. ಹೆಂಗಸಿನದಾದರೆ ಸಪಾಟು ಬಿಡಬೇಕು. ಇದು ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ಅಜೀಮುದ್ದೀನನ ಮನೆತನದಲ್ಲಿ ಇನ್ನೊಂದು ಕಟ್ಟಳೆ ಇತ್ತು: ಯಾರ ಮೇಲೆ ತನ್ನ ಕೈಯಿಂದ ಮಣ್ಣು ಹಾಕಿಲ್ಲವೋ ಅವರ ಕಲಮ್‌ದಾನಕ್ಕೆ ಉಳಿ ಎತ್ತಬಾರದು. ಅವನ ಅಜ್ಜ ಒಮ್ಮೆ, ಹಜ್ಜಿಗೆ ಹೋದವನೊಬ್ಬ ಸತ್ತನೆಂದು ಮನೆಯವರು ಅತ್ತದ್ದನ್ನು ನಂಬಿ ಗೋರಿ ಕೆತ್ತಿಟ್ಟಿದ್ದನಂತೆ. ಆ ಪುಣ್ಯಾತ್ಮ ಮರಳಿ ಬಂದು ತನ್ನ ಗೋರಿಯನ್ನು ತಾನೇ ನೋಡಿ, ಅದೇ ವಾರ ಹಾಸಿಗೆ ಹಿಡಿದು ಸತ್ತನಂತೆ. ಅಂದಿನಿಂದ ಆ ಮನೆಯಲ್ಲಿ ಯಾರೂ ಕಟ್ಟಳೆ ಮುರಿದಿರಲಿಲ್ಲ.

"ನಾ ಮಣ್ಣು ಹಾಕಿದವರದು ಕೆತ್ತತೀನಿ. ಉಳಿದವರ ಚೌಕ ಖಾಲಿ ಇರ್ತಾವ," ಎಂದು ಅಜೀಮುದ್ದೀನ್ ಅಂಬಾದಾಸನಿಗೆ ಹೇಳಿದ.

"ವಜೀರಂದು?"

"ಖಾಲಿ."

ಒಳಗಿಂದ ಕುಲ್ಸುಮ್ ಬೀ ಕೂಗಿದಳು, "ಖಾಲೀನೂ ಬ್ಯಾಡ! ಬದುಕಿದವಗ ಹೋದವರ ಸಾಲಿನಾಗ ಏನು ಕೆಲಸ?" ನೀರು ಚಿಮುಕಿಸುತ್ತಿದ್ದ ಶಹಜಾದಿ ತಲೆ ಎತ್ತಲಿಲ್ಲ.

*

ಶಹಜಾದಿಯ ಅಣ್ಣ ಗೌಸ ಹುಮನಾಬಾದಿನಲ್ಲಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಮಾಡುತ್ತಿದ್ದ. ತಂಗಿಯನ್ನು ನೋಡಲು ಬಂದವನು ಕೈಕಾಲು ತೊಳೆದು ಊಟಕ್ಕೆ ಕೂತ. ಎರಡು ರೊಟ್ಟಿ ಮುಗಿಯುವವರೆಗೆ ಊರ ಸುದ್ದಿ ಹೇಳಿದ. ಮೂರನೆಯದಕ್ಕೆ ವಿಷಯಕ್ಕೆ ಬಂದ.

"ಚಾಚಾ, ಒಂದು ಮಾತು ಹೇಳಾಕ ಬಂದೀನಿ. ನಮ್ಮ ಕಡಿ ಒಬ್ಬ ದರ್ಜಿ ಹಾನ. ಹೇಣ್ತಿ ಸತ್ತಾಳ, ಅಸ್ಗರಿ ಅಂತ ಒಂದು ಹೆಣ್ಣು ಕೂಸು ಅದ. ಮನುಷ್ಯ ಮೆತ್ತಗ. ನಮ್ಮ ಶಹಜಾದಿನ್ನ ಕೇಳಾಕತ್ಯಾನ."

ಕುಲ್ಸುಮ್ ಬೀಯ ಕೈಯಲ್ಲಿದ್ದ ರೊಟ್ಟಿ ಹಿಟ್ಟಿನ ಕೊಣಮಿಗೆಗೆ ಬಿತ್ತು. "ನನ್ನ ಮಗನ ಮನ್ಯಾಗ ಉಂಡು, ನನ್ನ ಮಗನ ಹೇಣ್ತಿಗೇ ಗಂಡನ್ನ ಹುಡುಕಾಕತ್ತೀಯೇನೋ! ನಾಚಿಕಿ ಬರಂಗಿಲ್ಲೇನು ನಿನಗ?"

"ನಾಚಿಕಿ ಯಾಕ ಚಾಚಿ? ವರ್ಷ ಆತು. ಬದುಕಿದ್ರ ಒಂದು ಸುದ್ದಿ ಬರತಿರಲಿಲ್ಲೇನು?"

"ಬರ್ತಾನ. ಹೈದರಾಬಾದಿನಾಗ ಹಾನ. ಕೇಳು ಇವರನ್ನ, ಇವರೇ ಕೇಳಿ ಬಂದಾರ."

ಎಲ್ಲರೂ ಅಜೀಮುದ್ದೀನನತ್ತ ನೋಡಿದರು. ಅವನು ನೀರಿನ ಲೋಟ ಎತ್ತಿ ಕುಡಿದು ಕೆಳಗಿಟ್ಟ.

"ಕಾಜಿ ಸಾಹೇಬರನ್ನ ಕೇಳೀನಿ," ಎಂದು ಗೌಸ ಮುಂದುವರಿಸಿದ. "ಸತ್ತದ್ದು ನೋಡಿದವರರ ಹೇಳಬೇಕಂತ, ಇಲ್ಲಾ ಮನಿ ಹಿರಿಯ ನಾಕು ಮಂದಿ ಮುಂದ ಹೇಳಬೇಕಂತ. ಇಲ್ಲಂದ್ರ ಕಾಯಬೇಕು."

"ಎಲ್ಲೀತನ ಕಾಯಬೇಕಂತ?" ಸರ್ದಾರಬಿ ಕೇಳಿದಳು.

"ಮುದುಕಿ ಆಗೂತನ ಅಂತ ಇಟ್ಕೋರಿ."

"ಹಂಗಾದ್ರ ನನ್ನ ಜೋಡಿ ಆದ್ಲು. ನೋಡು ಕುಲ್ಸುಮ್, ನನ್ನ ಗಂಡ ಸತ್ತಾಗ ನನಗ ಇವಳಷ್ಟೇ ವಯಸ್ಸು. ಮನೆತನದ ಮರ್ಯಾದಿ ಅಂತ ತಮ್ಮನ ಒಲಿ ಮುಂದ ಕೂಡಿಸಿದ್ರು. ಹೊಗಿ ಕುಡದು ಕುಡದು ಕಣ್ಣು ಹೋದ್ವು. ಮರ್ಯಾದಿ ಬಂದು ನನಗ ಒಂದಿನರ ಕೈ ಹಿಡದು ನಡಸೇದೇನು?"

"ನಿನ್ನ ಗಂಡ ಸತ್ತಿದ್ದ. ನನ್ನ ಮಗ ಸತ್ತಿಲ್ಲ!"

ಜಗಳ ಊಟದ ತಾಟುಗಳನ್ನು ತೊಳೆಯುವವರೆಗೆ ನಡೆಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಹಿರಿಯರ ಜಗಳದಲ್ಲಿ ಬಡವಾದವಳು ಸೊಸೆ. ಅವಳನ್ನು ಮಾತ್ರ ನಿನಗೇನು ಬೇಕವ್ವಾ ಎಂದು ಯಾರೂ ಕೇಳಲಿಲ್ಲ. ಹೊರಡುವಾಗ ಗೌಸನೇ ಬಾಗಿಲಲ್ಲಿ ನಿಂತು ಕೇಳಿದ.

"ನೀ ಏನಂತಿ?"

"ನನಗ ಸಾಕಾಗ್ಯದ ಭಾಯಿ," ಎಂದಳು ಶಹಜಾದಿ. "ಅವರು ಇದ್ರ ಇದ್ದಾರನ್ನಲಿ, ಇಲ್ಲಂದ್ರ ಇಲ್ಲನ್ನಲಿ. ಎರಡರಾಗ ಒಂದು ಆದ್ರ ಸಾಕು."

"ಕಂಬ ನಿಲ್ಲಿಸೂ ದಿನ ಬರ್ತೀನಿ. ಆ ದರ್ಜಿ ಅದಕ್ಕಿಂತ ಜಾಸ್ತಿ ನಿಲ್ಲಾಂಗಿಲ್ಲ, ಅವನ ಕೂಸಿಗೂ ಒಂದು ತಾಯಿ ಬೇಕಾಗ್ಯದ."

ಮರುದಿನ ಮಾವ ಮೇಲಿನ ಸಾಲಿಗೆ ಕೈ ಹಚ್ಚಿದ್ದ. ಶಹಜಾದಿ ಚೊಂಬಿನಿಂದ ನೀರು ಚಿಮುಕಿಸುತ್ತ, ಒಂದು ವರ್ಷದಲ್ಲಿ ಮೊದಲ ಸಲ ಮಾವನ ಮುಖ ನೋಡಿ ಮಾತಾಡಿದಳು.

"ಅಬ್ಬಾ, ಅವರ ಚೌಕ ತುಂಬ್ರಿ."

"ಕಟ್ಟಳಿ ನಿನಗ ಗೊತ್ತದ, ಬೇಟಿ."

"ಕಲ್ಲಿನ ಕಟ್ಟಳಿ ನಿಮಗ. ನನ್ನ ಆಯುಷ್ಯ ಆ ಖಾಲಿ ಚೌಕದಾಗ ಅದ."

"ಹಂಗ ಕೆತ್ತಿದ್ರ ನಿಮ್ಮತ್ತಿ ಉಳ್ಯಂಗಿಲ್ಲ. ಎದಿ ಒಡದು ಸಾಯ್ತಾಳ."

"ನಾ ಬದುಕೀನೇನ್ರಿ?"

ಸುತ್ತಿಗೆ ಉಳಿಯ ತಲೆ ಬಿಟ್ಟು ಹೆಬ್ಬೆರಳಿಗೆ ಬಿತ್ತು. ಐವತ್ತು ವರ್ಷ ಕಲ್ಲು ಹೊಡೆದ ಕೈ. ಶಹಜಾದಿ ಸೆರಗು ಹರಿದು ಕಟ್ಟಲು ಬಂದರೆ ಅವನು ಕೈ ಎಳೆದುಕೊಂಡ. ಉಪಕರಣ ಅಲ್ಲೇ ಬಿಟ್ಟು ದರ್ಗಾದ ಕಡೆ ಎದ್ದು ಹೋದ. ಅಂದು ಊಟಕ್ಕೂ ಬರಲಿಲ್ಲ.

ಆಮೇಲೆ ಅವನು ಅವಳನ್ನು ನೀರಿಗೆ ಕರೆಯಲಿಲ್ಲ. ಮೇಲಿನ ಸಾಲಿಗೆ ಗೋಣಿತಟ್ಟು ಮುಚ್ಚಿಕೊಂಡು ತಾನೇ ನೀರು ಸುರಿದುಕೊಳ್ಳುತ್ತ, ಕೆಮ್ಮುತ್ತ ಕೆಲಸ ಮಾಡಿದ. ಹಠ ಮಾಡಿದ್ದಕ್ಕೆ ಮಾವನಿಗೆ ತನ್ನ ಮೇಲೆ ಸಿಟ್ಟು ಬಂದಿದೆ ಎಂದುಕೊಂಡು ಶಹಜಾದಿ ಒಳಗೊಳಗೇ ಸಣ್ಣಗಾದಳು.

*

ಕಂಬ ನಿಲ್ಲಿಸುವ ದಿನ ಗಲ್ಲಿಯಲ್ಲಿ ಬಹಳ ದಿನಗಳ ಮೇಲೆ ಗಲಾಟೆ ಕೇಳಿಸಿತು, ಹೆದರಿಕೆಯದಲ್ಲದ ಗಲಾಟೆ. ಅಂಬಾದಾಸ ಹಗ್ಗ ತಂದ, ಗಾಣದ ಎತ್ತು ತಂದ. ಗಂಡಸರು ಜಾತಿ ನೋಡದೆ ಹೆಗಲು ಕೊಟ್ಟರು. ಕಂಬ ಚಪ್ಪಡಿಯ ಕುಣಿಯಲ್ಲಿ ಇಳಿದು ನಿಂತಾಗ ಗಂಗುಬಾಯಿ ಬೆಲ್ಲ ಹಂಚಿದಳು. ಆಮೇಲೆ ಲಾಳಿ ಎಸೆಯುವ ಕೈಯ ಮುಂದೆ ನಿಂತು, ಮಡಿಚಿದ ಕಿರುಬೆರಳನ್ನು ಮುಟ್ಟಿ ನೋಡಿದಳು.

"ನಮ್ಮವರ ಬಳ್ಳು ಹಿಂಗೇ ಇತ್ತು. ನೋಡ್ರಿ, ಹಿಂಗೇ ಸೊಟ್ಟ ಇತ್ತು," ಎನ್ನುತ್ತ ನಕ್ಕಳು, ನಗುತ್ತಲೇ ಅತ್ತಳು. ಅಂಬಾದಾಸ ತಮ್ಮನ ಪಣತಿಯ ಕಡೆ ನೋಡಿದವನು ಎತ್ತಿನ ಹಗ್ಗ ಬಿಚ್ಚುವ ನೆಪ ಮಾಡಿ ಆಚೆ ತಿರುಗಿದ.

ಶಹಜಾದಿ ಸರ್ದಾರಬಿಯ ಕೈಹಿಡಿದು ತಂದು ಬಾವಿಯ ಕಟ್ಟೆಯ ಮೇಲೆ ಹತ್ತಿಸಿದಳು. ಕಾಣದ ಕಣ್ಣಿನ ಮುದುಕಿ ಬೆರಳಿನಿಂದಲೇ ಕಂಬ ಓದುತ್ತ ಹೋದಳು. ಮೇಲಿನ ಸಾಲಿಗೆ ಕೈ ಚಾಚಿ, ಪಣತಿ, ದಿಂಡು, ಖಾಲಿ ಚೌಕ ಎಂದು ಹೇಳುತ್ತ ಬಂದವಳು ಮೂಲೆಯ ಕಡೆಗೆ ತಡೆದಳು.

"ದುಲ್ಹನ್, ವಜೀರನ ಚೌಕ ಇದೇ ಅಲ್ಲೇನು?" ಎಂದು ಸೊಸೆಯನ್ನು ಕೇಳಿದಳು.

"ಹೌದ್ರಿ ಫುಪ್ಪು."

"ಇಲ್ಲಿ ಉಬ್ಬದ. ಮುಟ್ಟಿ ನೋಡು."

ಶಹಜಾದಿ ನೋಡಿದಳು. ನುಣ್ಣಗೆ ತಿಕ್ಕಿದ, ನೇರವಾದ, ಒಂದು ಗೆರೆಯೂ ತಪ್ಪದ ಕಲಮ್‌ದಾನ. ಆ ಸಾಲಿನಲ್ಲಿ ಅಷ್ಟು ಚೆಂದದ್ದು ಇನ್ನೊಂದಿರಲಿಲ್ಲ. ಮೊದಲು ಅವಳಿಗೆ ಮಾವ ತನ್ನ ಮಾತು ನಡೆಸಿಕೊಟ್ಟನೆನಿಸಿತು, ಕನಿಕರಪಟ್ಟು ಕಟ್ಟಳೆ ಮುರಿದನೆನಿಸಿತು. ಆದರೆ ಅಜೀಮುದ್ದೀನ್ ಆಚೆ ಬದಿಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದ. ಆ ಮುಖ ಕಂಡ ಕೂಡಲೇ ಅವಳಿಗೆ ತಿಳಿಯಿತು. ಕಟ್ಟಳೆ ಮುರಿದಿರಲಿಲ್ಲ.

*

ಊಟದ ಹೊತ್ತಿಗೆ ಗೌಸನೂ ಬಂದಿದ್ದ. ಕುಲ್ಸುಮ್ ಬೀ ಕಂಬ ನೋಡಲು ಹೊರಗೆ ಬಂದಿರಲಿಲ್ಲ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಶಹಜಾದಿ ಮಾವನ ಮುಂದೆ ತಾಟು ಇಟ್ಟು, ಅಲ್ಲೇ ನಿಂತಳು.

"ಅಬ್ಬಾ, ನೀವು ಅವರ ಮ್ಯಾಲ ಮಣ್ಣು ಹಾಕೀರೇನು?"

ಮುದುಕ ತಾಟಿನತ್ತ ನೋಡುತ್ತಲೇ ಹೇಳಿದ, "ಹಾಕೀನಿ."

ಒಲೆಯ ಮುಂದಿನ ಬಡಿತ ನಿಲ್ಲಲಿಲ್ಲ. ಅವನು ನಿಧಾನವಾಗಿ ಹೇಳುತ್ತ ಹೋದ. ಹುಡುಕಲು ಹೋದಾಗ ಹುಮನಾಬಾದಿನ ಆಚೆ ಕಂಬಳಿ ಮಾರುವ ಧೂಳಮ್ಮ ಎಂಬಾಕೆ ಅವನನ್ನು ಕರೆದು, ರಸ್ತೆಯ ಮಗ್ಗುಲ ಹೊಲಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಬಿದ್ದಿದ್ದ ಹೆಣಕ್ಕೆ ಆಕೆ ತನ್ನದೇ ಕಂಬಳಿ ಹೊದಿಸಿದ್ದಳು. ಮುಖ ಗುರುತು ಸಿಗುವ ಹಾಗಿರಲಿಲ್ಲ, ಕೈ ನೋಡಿ ಗುರುತು ಹಿಡಿದ. ಇಬ್ಬರೂ ಕೂಡಿ ಕುಣಿ ತೋಡಿದರು.

"ಮನಿಗೆ ಬಂದ್ರ ನೀ ಬಾಗಿಲಾಗೇ ನಿಂತಿದ್ದಿ," ಎಂದು ಹೆಂಡತಿಯ ಬೆನ್ನಿಗೆ ಹೇಳಿದ. "ಸಿಕ್ಕನಾ ಅಂತ ಕೇಳಿದಿ. ನಿನ್ನ ಮಾರಿ ನೋಡಿ ಬಾಯಿ ತಾನೇ ಸುಳ್ಳು ಹೇಳ್ತು. ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ. ದಿನಾ ನಾಳೇನೇ ಆತು."

"ನನಗರ ಹೇಳಬೇಕಿತ್ತಲ್ರಿ!" ಶಹಜಾದಿಗೆ ಇಷ್ಟು ದೊಡ್ಡ ದನಿ ಇದೆಯೆಂದು ಆ ಮನೆಯವರಿಗೆ ಗೊತ್ತಿರಲಿಲ್ಲ. "ನಾ ನೀರಿಗೆ ಹೋದಲ್ಲೆಲ್ಲಾ ಇಲ್ರಿ ಇಲ್ರಿ ಅನ್ಕೋತ ತಿರಗೀನಿ. ಬಾಗಿಲ ಸಪ್ಪಳ ಆದ್ರ ಎದ್ದು ಕೂತೀನಿ. ಅವರು ಮಣ್ಣಾಗಿದ್ರು, ನಾ ಹಸರು ಬಳಿ ತೊಟ್ಟು ಈದ್ ಮಾಡೀನಿ! ನಿಮಗ ನಿಮ್ಮ ಹೇಣ್ತಿ ಕರುಳು ಕಾಣಿಸ್ತು. ನಾ ಯಾರ ಮಗಳು ಅಂತ ಹೀಂಗ ಮಾಡಿದ್ರಿ?"

ಗೌಸ ಎದ್ದು ತಂಗಿಯ ಭುಜ ಹಿಡಿದ. ಅವಳಿಗೆ ಸಿಟ್ಟು, ಸಂಕಟ, ಒಂದು ಬಗೆಯ ಬಿಡುಗಡೆ ಎಲ್ಲ ಒಟ್ಟಿಗೇ ಬಂದವು.

ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ಕುಲ್ಸುಮ್ ಬೀ ಅದನ್ನು ಕೈಯಿಂದಲೇ ಎತ್ತಿ ಒಲೆಯ ಬದಿಗೆ ಹಾಕಿದಳು. ಗಂಡನತ್ತ ತಿರುಗಿದಳು. ಅಳಲಿಲ್ಲ.

"ದಿನಾ ಅವನ ಪಾಲು ಎತ್ತಿಡಾಕತ್ತಿದ್ದೆ. ನೀ ಎದುರಿಗೆ ಕುಂತು ಅದನ್ನ ನೋಡ್ಕೋತ ಉಣ್ಣಾಕತ್ತಿದ್ದಿ," ಎಂದಳು. "ಹ್ಯಾಂಗ ಇಳೀತಿತ್ತು ನಿನಗ?"

ಅದೇ ಅವಳು ಗಂಡನೊಂದಿಗೆ ಆಡಿದ ಕೊನೆಯ ನೇರ ಮಾತು. ಆಮೇಲೆ ಏನಿದ್ದರೂ, "ಆ ಮುದುಕಗ ಹೇಳು, ರೊಟ್ಟಿ ಆಗ್ಯಾವ." "ಆ ಮುದುಕಗ ಹೇಳು, ಕೆಮ್ಮಿಗೆ ಕಾಡೆ ಇಟ್ಟೀನಿ." ಆ ಕಷಾಯ ಕಾಸುವುದನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. ಸೊಸೆಯ ಬಳೆಗಳನ್ನು ಸರ್ದಾರಬಿ ತೆಗೆದಳು.

ಅಜೀಮುದ್ದೀನ್ ಕಾಜಿಯ ಮುಂದೆ, ನಾಲ್ಕು ಮಂದಿಯ ಮುಂದೆ ನಿಂತು ಹೇಳಿದ. ವಿಧವೆಯ ಇದ್ದತ್ತಿಗೆ, ಅಂದರೆ ನಾಲ್ಕು ತಿಂಗಳು ಹತ್ತು ದಿನದ ಶೋಕಕ್ಕೆ, ಕೂರುವುದು ಯಾವಾಗಿನಿಂದ ಎಂದು ಗೌಸ ಕೇಳಿದ. ಇದ್ದತ್ತಿನ ಲೆಕ್ಕ ಗಂಡ ಸತ್ತ ದಿನದಿಂದ ಹಿಡಿಯುವುದು, ಸುದ್ದಿ ಬಂದ ದಿನದಿಂದಲ್ಲ, ಇವಳದು ಯಾವಾಗಲೋ ತೀರಿಹೋಗಿದೆ ಎಂದರು ಕಾಜಿ ಸಾಹೇಬರು. ಕೂರುವುದೇ ಬೇಕಿಲ್ಲ, ಇವತ್ತೇ ಬೇಕಾದರೂ ನಿಕಾಹ್ ಆಗಬಹುದು.

ಗೌಸ ಖುಷಿಯಿಂದ ಬಂದು ಹೇಳಿದಾಗ ಶಹಜಾದಿ ಮೂಲೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗಂಡನಿಗಾಗಿ ಅಳುವ ದಿನಗಳು ಅವಳಿಗೆ ಗೊತ್ತಿಲ್ಲದೆ ಬಂದು, ಗೊತ್ತಿಲ್ಲದೆ ಮುಗಿದುಹೋಗಿದ್ದವು.

"ಅಳ್ಲಿ ಬಿಡು," ಎಂದಳು ಸರ್ದಾರಬಿ. "ಬಾಕಿ ಇತ್ತು."

*

ಯುಗಾದಿಯ ಮುಂದೆ, ಬಿಸಿಲು ಏರುವ ಮೊದಲೇ, ಗೌಸ ದರ್ಜಿಯೊಂದಿಗಿನ ನಿಕಾಹ್‌ಗೆಂದು ಅವಳನ್ನು ಕರೆದೊಯ್ಯಲು ಗಾಡಿ ತಂದ. ಶಹಜಾದಿ ಎಲ್ಲರ ಕಾಲು ಮುಟ್ಟಿ, ಮಾವನ ಮುಂದೆ ನಿಂತಳು. ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ, ಆದರೂ ಕೇಳಿದಳು, "ಅಬ್ಬಾ, ಹುಮನಾಬಾದಿನತನ ಬಂದು ಆ ಜಾಗಾ ತೋರಸ್ರಿ."

ಕುಲ್ಸುಮ್ ಬೀ ಒಳಗೆ ಹೋಗಿ ಒಂದು ತುಂಡು ಬಿಳಿ ಬಟ್ಟೆ ತಂದು ಸೊಸೆಯ ಕೈಯಲ್ಲಿಟ್ಟಳು. ಅವಳ ತಲೆ ಸವರಿದಳು, ಬಹಳ ಹೊತ್ತು ಕೈ ತೆಗೆಯಲಿಲ್ಲ. "ಆ ಮುದುಕಗ ಹೇಳು," ಎಂದಳು, "ಅಲ್ಲಿಂದು ಒಂದು ಹಿಡಿ ಮಣ್ಣು ಇದರಾಗ ಕಟ್ಟಿ ತರಲಿ. ನಾ ಸತ್ತಾಗ ನನ್ನ ಮಣ್ಣಿನಾಗ ಅದನ್ನ ಹಾಕ್ರಿ."

ಮೂವರೂ ಹುಮನಾಬಾದ್ ಮುಟ್ಟುವ ಹೊತ್ತಿಗೆ ನೆರಳು ಉದ್ದವಾಗಿದ್ದವು. ಊರಿನ ಆಚೆ ಅಜೀಮುದ್ದೀನ್ ಗಾಡಿ ನಿಲ್ಲಿಸಿ ಇಳಿದ. ರಸ್ತೆಯ ಮಗ್ಗುಲಿಗೆ ಹೊಲ ಉದ್ದಕ್ಕೂ ನೇಗಿಲು ಹೊಡೆಸಿಕೊಂಡು ಬಿದ್ದಿತ್ತು. ಕರಿಮಣ್ಣಿನ ಹೆಂಟೆಗಳು, ಜೋಳದ ಕೂಳೆಗಳು. ಅವನು ನಾಲ್ಕು ಹೆಜ್ಜೆ ಮುಂದೆ ಹೋದ, ಹಿಂದೆ ಬಂದ.

"ಇಲ್ಲೊಂದು ಬೇವಿನ ಗಿಡಾ ಇತ್ತು."

ಗಿಡವಿರಲಿಲ್ಲ. ಯಾರೋ ಕಡಿದೊಯ್ದಿದ್ದರು, ಬೊಡ್ಡೆಯೂ ಉಳಿದಿರಲಿಲ್ಲ. ಕೇಳೋಣವೆಂದರೆ ಧೂಳಮ್ಮ ಕುರಿ ಹೊಡೆದುಕೊಂಡು ಮಂಠಾಳದ ಕಡೆ ಹೋದವಳು ಇನ್ನೂ ಬಂದಿಲ್ಲವೆಂದು ದಾರಿಯಲ್ಲೇ ತಿಳಿದಿತ್ತು. ಮುದುಕ ಹೊಲದಲ್ಲಿ ಅತ್ತ ನಡೆದ, ಇತ್ತ ನಡೆದ. "ಇಲ್ಲಿ... ಅಲ್ಲ, ಬದುವಿನ ಕಡಿ." ಬದುವಿನಿಂದ ಮತ್ತೆ ನಡುವಿಗೆ ಬಂದ. ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಒರೆಸಿಕೊಂಡಷ್ಟೂ ಮುಖ ಒದ್ದೆಯಾಗುತ್ತಿತ್ತು.

"ಕಲ್ಲಿನ ಮನಿಯವ, ಒಂದು ಕಲ್ಲೂ ಇಡಲಿಲ್ಲ ನಾನು," ಎಂದ. "ಗುರುತು ಇಟ್ರ ಯಾರರ ಕಿತ್ತಾರು ಅಂತ ಹೆದರಿದ್ನೆವ್ವಾ."

ಗಾಡಿಯ ಹತ್ತಿರ ಗೌಸ ಕೆಮ್ಮಿದ, ಹೊತ್ತಾಯಿತೆಂದು. ಅಜೀಮುದ್ದೀನ್ ಬಿಳಿ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.

"ಯಾವ ಮಣ್ಣು ಒಯ್ಯಲಿ? ಎಲ್ಲಿಂದರ ಒಂದು ಹಿಡಿ ಕಟಗೊಂಡು ಹೋದ್ರ ಮತ್ತೊಂದು ಸುಳ್ಳು ಆಗ್ತದ. ಆಕಿ ಮುಂದ ಇನ್ನೊಂದು ಸುಳ್ಳು ಹೇಳಾಕ ನನ್ನ ಬಾಯಿ ಏಳಂಗಿಲ್ಲ. ಬರಿಗೈಲೆ ಹೋದ್ರ ಆಕಿ ಉಳ್ಯಂಗಿಲ್ಲ."

ಶಹಜಾದಿ ಅವನನ್ನು ನೋಡಿದಳು. ಈ ಮುದುಕನ ಒಂದು ಸುಳ್ಳು ತನ್ನ ಒಂದು ವರ್ಷವನ್ನು ತಿಂದಿತ್ತು. ಅದನ್ನು ಮರೆಯುವುದು ಅವಳಿಂದ ಆಗುವ ಮಾತಾಗಿರಲಿಲ್ಲ. ಅವಳು ಹೊಲದ ಮೇಲೆ ಒಮ್ಮೆ ಕಣ್ಣಾಡಿಸಿದಳು. ಸೆರಗು ಬಿಗಿದುಕೊಂಡು ಹೆಂಟೆಗಳನ್ನು ದಾಟುತ್ತ ನೇರ ನಡೆದು ಹೋಗಿ ಒಂದು ಕಡೆ ಕೂತಳು.

"ಇಲ್ಲೇ ಅದ ಬರ್ರಿ ಅಬ್ಬಾ."

"ನಿನಗ ಹ್ಯಾಂಗ ಗೊತ್ತು?"

"ಗಂಡ ಎಲ್ಲಿ ಮಲಗ್ಯಾನ ಅಂತ ಹೇಣ್ತಿಗೆ ಗೊತ್ತಾಗಂಗಿಲ್ಲೇನ್ರಿ?"

ಬೆರಳಿನಿಂದ ಹೆಂಟೆ ಒಡೆದು, ಒಳಗಿನ ತಂಪು ಮಣ್ಣು ತೆಗೆದು, ಬಟ್ಟೆಯಲ್ಲಿ ಹಾಕಿ ಗಂಟು ಬಿಗಿದಳು. ಮುದುಕ ಬಂದು ಅವಳ ಎದುರು ಮೊಣಕಾಲೂರಿದ. ಅವಳ ಮುಖವನ್ನು ನೋಡಿದ. ಮತ್ತೇನೂ ಕೇಳದೆ ಎರಡೂ ಕೈ ಎತ್ತಿ ಮಗನಿಗಾಗಿ ಫಾತಿಹಾ ಓದತೊಡಗಿದ. ಶಹಜಾದಿಯೂ ಕೈ ಎತ್ತಿದಳು. ಆ ಮಣ್ಣಿನಲ್ಲಿ ಏನಿದೆಯೋ ಅವಳಿಗೆ ಗೊತ್ತಿರಲಿಲ್ಲ. ಆದರೂ ಕಣ್ಣಿಂದ ನೀರು ಇಳಿಯಿತು.

ಓದಿ ಮುಗಿದ ಮೇಲೆ ಅವಳು ಗಂಟನ್ನು ಮಾವನ ಕೈಯಲ್ಲಿಟ್ಟಳು.

"ಅಮ್ಮಗ ನೀವೇನೂ ಹೇಳಬ್ಯಾಡ್ರಿ," ಎಂದಳು. "ದುಲ್ಹನ್ ತೋರಿಸಿದ್ಲು, ಆಕೀನೇ ತನ್ನ ಕೈಯಾರೆ ಕಟ್ಟಿ ಕೊಟ್ಲು ಅಂತ ಅಷ್ಟೇ ಹೇಳ್ರಿ. ಅದು ಖರೇ ಅದ."